ಬೀಗ ಕೊಳ್ಳುವ ಮೊದಲು ಕಂಬ ನೋಡಿ

ಓದುಗರ ಪ್ರಶ್ನೆ, ಸೈಕಲ್ ಅಂಗಡಿಯ ಉತ್ತರ

ಪಂಕ್ಚರ್, ಬ್ರೇಕ್, ಗೇರ್ ಎಂದು ಕೇಳುತ್ತಿದ್ದ ಓದುಗರು ಈ ಸಲ ಒಂದೇ ವಿಷಯ ಹಿಡಿದಿದ್ದಾರೆ: ಕಳವು. ಶಾಲೆ, ಕಾಲೇಜು ತೆರೆದು ಹೊಸ ಸೈಕಲ್‌ಗಳು ಬೀದಿಗೆ ಬಂದಿರುವ ಕಾಲವಲ್ಲವೇ. ಮೈಸೂರಿನ ನಮ್ಮ ಅಂಗಡಿ ತಂದೆಯ ಕಾಲದಲ್ಲಿ ಗಂಟೆ ಬಾಡಿಗೆಗೆ ಸೈಕಲ್ ಕೊಡುತ್ತಿತ್ತು. ಗುರುತಿಲ್ಲದವರ ಕೈಗೂ ಸೈಕಲ್ ಕೊಟ್ಟು, ರಾತ್ರಿ ಎಣಿಸಿ ಒಳಗೆ ಸೇರಿಸುವ ವ್ಯಾಪಾರ. ಅದರಲ್ಲಿ ಬೆಳೆದವನಿಗೆ ಬೀಗಕ್ಕಿಂತ ಕಳ್ಳನ ಲೆಕ್ಕಾಚಾರವೇ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಮಗ ಪಿಯುಸಿಗೆ ಸೇರಿದ್ದಾನೆ. 14,000 ರೂಪಾಯಿ ಕೊಟ್ಟು ಗೇರ್ ಸೈಕಲ್ ಕೊಡಿಸಿದೆವು. ಅಂಗಡಿಯವರು ಜೊತೆಗೆ ಕೇಬಲ್ ಬೀಗ ಪುಕ್ಕಟೆ ಕೊಟ್ಟಿದ್ದಾರೆ. ಕಾಲೇಜಿನ ಹೊರಗೆ ನಿಲ್ಲಿಸಲು ಅದು ಸಾಕೇ? — ಗೃಹಿಣಿ, ದಾವಣಗೆರೆ

ಸಾಲದು ಅಮ್ಮಾ. ಆ ಕೇಬಲ್ ಹೆಬ್ಬೆರಳ ಗಾತ್ರ ಕಾಣುತ್ತದೆ, ಆದರೆ ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ ಹೊದಿಕೆ. ಒಳಗಿರುವುದು ಸಣ್ಣ ತಂತಿಗಳ ಹುರಿ. ಕಟಿಂಗ್ ಪ್ಲೇಯರ್ ಇದ್ದರೆ ಒಂದೊಂದೇ ಎಳೆ ಕತ್ತರಿಸುತ್ತ ಹೋಗಬಹುದು, ಬೋಲ್ಟ್ ಕಟರ್ ಇದ್ದರೆ ಒಂದೇ ಕಚ್ಚು. ಬೀಗದ ಕೈ ಕಳಕೊಂಡು ಸೈಕಲ್ ಎತ್ತಿಕೊಂಡು ಬರುವವರಿಗೆ ನಾನೇ ಕತ್ತರಿಸಿ ಕೊಡುತ್ತೇನೆ. ಅವರು ಜೇಬಿನಿಂದ ದುಡ್ಡು ತೆಗೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. (ಸೈಕಲ್ ಅವರದೇ ಎಂದು ಖಾತ್ರಿಯಾಗದೆ ಕಟರ್ ಮುಟ್ಟುವುದಿಲ್ಲ ಅನ್ನಿ.) ಹಾಗೆಂದು ಬಿಸಾಡಬೇಡಿ, ಹೆಲ್ಮೆಟ್ಟನ್ನೋ ಮುಂದಿನ ಚಕ್ರವನ್ನೋ ಸೇರಿಸಿ ಕಟ್ಟಲು ಬರುತ್ತದೆ.

ಮನೆಯಲ್ಲಿ ದೊಡ್ಡವರು ಕೇಳಬಹುದು: ನಮ್ಮ ಕಾಲದಲ್ಲಿ ಹಿಂದಿನ ಚಕ್ರಕ್ಕೆ ಲಾಳದ ಆಕಾರದ ಬೀಗ ಒಂದಿದ್ದರೆ ಸಾಕಾಗುತ್ತಿತ್ತಲ್ಲ ಎಂದು. ಸಾಕಾಗುತ್ತಿತ್ತು, ನಿಜ. ಆದರೆ ಆ ಕರಿ ಸೈಕಲ್ 20 ಕೆ.ಜಿ.ಗೂ ಹೆಚ್ಚು ತೂಗುತ್ತಿತ್ತು. ಚಕ್ರ ತಿರುಗದ ಅಂಥ ಸೈಕಲನ್ನು ಹೆಗಲಿಗೇರಿಸಿಕೊಂಡು ಪೇಟೆ ಬೀದಿಯಲ್ಲಿ ಹೋಗುವವನನ್ನು ಯಾರಾದರೂ ತಡೆದು ಕೇಳದೆ ಬಿಡುತ್ತಿರಲಿಲ್ಲ. ಈಗಿನವು ಹಗುರ, ಬೆಲೆಯೂ ಜಾಸ್ತಿ, ಎತ್ತಿ ಗೂಡ್ಸ್ ಆಟೋಗೆ ಹಾಕಲು ಒಬ್ಬ ಸಾಕು. ಆದ್ದರಿಂದ ಚಕ್ರ ತಿರುಗದಂತೆ ಮಾಡಿದರೆ ಆಗಲಿಲ್ಲ, ಸೈಕಲನ್ನು ನೆಲಕ್ಕೆ ಭದ್ರವಾಗಿ ಊರಿದ ಯಾವುದಕ್ಕಾದರೂ ಕಟ್ಟಬೇಕು.

ಕಟ್ಟುವುದಕ್ಕೆ ಯು-ಲಾಕ್ (ಯು ಅಕ್ಷರದಂತೆ ಬಾಗಿದ ದಪ್ಪ ಸರಳಿನ ಬೀಗ) ಇಲ್ಲವೇ ಗಟ್ಟಿ ಉಕ್ಕಿನ ಸರಪಳಿ, ಇವೆರಡರಲ್ಲಿ ಒಂದು. ಯು-ಲಾಕಿನ ಸರಳು 12 ಮಿ.ಮೀ.ಗಿಂತ ಕಡಿಮೆ ಇರಬಾರದು, 14 ಇದ್ದರೆ ಇನ್ನೂ ಒಳ್ಳೆಯದು. ಚೀಲದಲ್ಲಿ ಅಡಗಿಸಿ ತರುವಂಥ ಕಟರ್ ಅಷ್ಟು ದಪ್ಪದ ಗಟ್ಟಿ ಉಕ್ಕಿನ ಮೇಲೆ ಒದ್ದಾಡುತ್ತದೆ. ಸರಳಿನ ಎರಡೂ ತುದಿ ಬೀಗದೊಳಗೆ ಕಚ್ಚಿಕೊಳ್ಳುತ್ತವೆಯೇ ಎಂದು ಅಂಗಡಿಯಲ್ಲೇ ಬಿಚ್ಚಿ ನೋಡಿ. ಒಂದೇ ತುದಿ ಕಚ್ಚುವ ಬೀಗವನ್ನು ಒಂದು ಕಡೆ ಕೊಯ್ದು ತಿರುಚಿದರೆ ಬಿಟ್ಟುಕೊಳ್ಳುತ್ತದೆ. ಎರಡೂ ಕಚ್ಚಿದ್ದರೆ ಸಾಮಾನ್ಯವಾಗಿ ಎರಡು ಕಡೆ ಕೊಯ್ಯಬೇಕು. ಗೇರ್ ಸೈಕಲ್‌ನ ಫ್ರೇಮು ದಪ್ಪ, ಟೈರೂ ದಪ್ಪ. ಮಗನ ಸೈಕಲ್ ತೆಗೆದುಕೊಂಡು ಹೋಗಿ, ಅದರ ಮೇಲೇ ಹಾಕಿ ನೋಡಿ ಬೀಗ ಕೊಳ್ಳಿ.

ಸರಪಳಿ ಬೇಕೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಸರಪಳಿ ತರಬೇಡಿ. ಗೇಟಿಗೆ ಸುತ್ತುವ ಅದು ಮೆದು ಕಬ್ಬಿಣ, ಹ್ಯಾಕ್ಸಾ ಬ್ಲೇಡು ಆರಾಮಾಗಿ ಕೊಯ್ಯುತ್ತದೆ. ಪರೀಕ್ಷೆ ಸುಲಭ. ಕೊಂಡಿಯ ಮೇಲೆ ಅರ ಉಜ್ಜಿ: ಮೆದುವಾದರೆ ಅರ ಕಚ್ಚಿ ಪುಡಿ ಬೀಳುತ್ತದೆ, ಗಟ್ಟಿ ಮಾಡಿದ ಉಕ್ಕಾದರೆ ಅರ ಜಾರುತ್ತದೆ. ಸರಪಳಿಗೆ ಹಾಕುವ ಬೀಗವೂ ಅಷ್ಟೇ ಗಟ್ಟಿ ಇರಬೇಕು. ದಪ್ಪ ಸರಪಳಿಗೆ ಪೆಟ್ಟಿಗೆಯ ಬೀಗ ಸಿಕ್ಕಿಸಿದವರನ್ನು ನೋಡಿ ನೋಡಿ ಸಾಕಾಗಿದೆ.

ಖರ್ಚಿಗೆ ನಾನು ಹೇಳುವ ಲೆಕ್ಕ ಸೈಕಲ್ ಬೆಲೆಯ ಹತ್ತರಲ್ಲೊಂದು ಪಾಲು. ನಿಮ್ಮದಕ್ಕೆ 1,400 ಆಯಿತು. ಅಷ್ಟಕ್ಕೆ ಇಲ್ಲಿ ಕೆಲಸಕ್ಕೆ ಬರುವ ಯು-ಲಾಕ್ ಸಿಗುತ್ತದೆ. ಹೊರದೇಶದ ಬೀಗಗಳ ಪೊಟ್ಟಣದ ಮೇಲೆ ‘ಸೋಲ್ಡ್ ಸೆಕ್ಯೂರ್’ ಎಂಬ ಮುದ್ರೆ ಕಂಡರೆ ಅದು ಇಂಗ್ಲೆಂಡಿನ ಪರೀಕ್ಷಾ ಸಂಸ್ಥೆಯದು: ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ನಾಲ್ಕು ದರ್ಜೆ. ಕಾರ್ಖಾನೆಯವರೇ ತಮ್ಮ ಬೀಗಕ್ಕೆ ‘ಹತ್ತರಲ್ಲಿ ಎಂಟು’ ಎಂದು ಅಂಕ ಕೊಟ್ಟುಕೊಂಡಿದ್ದರೆ ಅದನ್ನು ಅಷ್ಟಾಗಿ ನಂಬಬೇಕಿಲ್ಲ.

ಪ್ರಶ್ನೆ: ಮೆಟ್ರೊ ನಿಲ್ದಾಣದ ಹೊರಗಿನ ಕಂಬಕ್ಕೆ ಮುಂದಿನ ಚಕ್ರ ಸೇರಿಸಿ ಯು-ಲಾಕ್ ಹಾಕಿದ್ದೆ. ಸಂಜೆ ಬಂದರೆ ಕಂಬ, ಬೀಗ, ಚಕ್ರ ಮೂರೂ ಇದ್ದವು, ಸೈಕಲ್ ಇರಲಿಲ್ಲ. ದುಬಾರಿ ಬೀಗ ಹಾಕಿಯೂ ಹೀಗಾದರೆ ಏನು ಮಾಡುವುದು? — ವಿದ್ಯಾರ್ಥಿ, ಬೆಂಗಳೂರು

ಬೇಜಾರಾಯಿತು ತಮ್ಮಾ. ಬೀಗ ತನ್ನ ಕೆಲಸ ಮಾಡಿದೆ ನೋಡು, ಒಪ್ಪಿಸಿದ್ದನ್ನು ಕಾಯ್ದುಕೊಂಡೇ ಇತ್ತು. ನೀನು ಅದಕ್ಕೆ ಒಪ್ಪಿಸಿದ್ದು ಒಂದು ಚಕ್ರ ಮಾತ್ರ.

ನಿನ್ನ ಸೈಕಲ್‌ಗೆ ಕ್ವಿಕ್ ರಿಲೀಸ್ ಇದ್ದಿರಬೇಕು, ಅಚ್ಚಿನ ತುದಿಯಲ್ಲಿ ಪಾನಾ ಇಲ್ಲದೆ ಕೈಯಲ್ಲೇ ತಿರುಗಿಸುವ ಸನ್ನೆ. 1930ರ ಹೊತ್ತಿಗೆ ಇಟಲಿಯ ಟುಲಿಯೊ ಕಂಪಾನ್ಯೊಲೊ ರೇಸಿನವರಿಗೆ ಚಕ್ರ ಬೇಗ ಬದಲಿಸಲು ಅನುಕೂಲವಾಗಲಿ ಎಂದು ಮಾಡಿದ್ದು ಅದು. ರೇಸಿನಲ್ಲಿ ವರ, ಬೀದಿಯಲ್ಲಿ ಕಳ್ಳನಿಗೂ ವರ. ಊರೊಳಗೆ ಓಡಾಡುವವರಿಗೆ ಅದು ಬೇಕೇ ಇಲ್ಲ. ಮುಂದಿನ ಸೈಕಲ್‌ಗೆ ಸನ್ನೆ ತೆಗೆಸಿ, ಆರು ಮೂಲೆಯ ಅಲನ್ ಕೀ ಹಾಕಿ ತಿರುಗಿಸುವ ಕಡ್ಡಿ ಹಾಕಿಸು. ಖರ್ಚು ಅಂಥದ್ದೇನಿಲ್ಲ.

ಬೀಗದೊಳಗೆ ಮೂರು ಸೇರಬೇಕು: ಫ್ರೇಮು, ಹಿಂದಿನ ಚಕ್ರ, ಕಂಬ. ಮುಂದಿನದಕ್ಕಿಂತ ಹಿಂದಿನ ಚಕ್ರವೇ ಏಕೆಂದರೆ ಗೇರಿನ ಹಲ್ಲುಗಳೆಲ್ಲ ಅದರಲ್ಲಿವೆ, ಅದೇ ದುಬಾರಿ. ಸಣ್ಣ ಯು-ಲಾಕಿಗೆ ಮೂರನ್ನೂ ಹಿಡಿಸುವುದು ಕಷ್ಟ. ಅದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಷೆಲ್ಡನ್ ಬ್ರೌನ್ ಒಂದು ಉಪಾಯವನ್ನು ಜಗತ್ತಿಗೆಲ್ಲ ಹೇಳಿಕೊಟ್ಟರು. 2008ರಲ್ಲಿ ತೀರಿಕೊಂಡ ಆ ಮೆಕ್ಯಾನಿಕ್ಕಿನ ಬರಹ ಓದಿ ಕಲಿತವರು ನಮ್ಮ ಕಸುಬಿನಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಸೀಟಿನ ಕೆಳಗೆ, ಹಿಂಚಕ್ರದ ಎರಡೂ ಬದಿ ಕೊಳವೆಗಳು ಸೇರಿ ತ್ರಿಕೋನವಾಗಿರುತ್ತವಲ್ಲ, ಆ ತ್ರಿಕೋನದ ಒಳಗೆ ಬರುವ ರಿಮ್ಮು ಟೈರನ್ನು ಮಾತ್ರ ಸುತ್ತಿ ಕಂಬಕ್ಕೆ ಬೀಗ ಹಾಕು. ಫ್ರೇಮಿನ ಕೊಳವೆಯನ್ನು ಬೀಗ ಮುಟ್ಟದಿದ್ದರೂ ಪರವಾಗಿಲ್ಲ. ಅಚ್ಚು ಬಿಚ್ಚಿದರೂ ಬೀಗ ಸಿಕ್ಕಿಕೊಂಡ ಚಕ್ರ ತ್ರಿಕೋನದಿಂದ ಹೊರಬರುವುದಿಲ್ಲ, ಹಾಗಾಗಿ ಫ್ರೇಮೂ ಬರುವುದಿಲ್ಲ. ರಿಮ್ಮನ್ನೇ ಕೊಯ್ದರೆ ಎನ್ನುತ್ತೀಯಾ? ಚಕ್ರದ ಸ್ಪೋಕ್ ಕಡ್ಡಿಗಳ ಬಿಗಿತಕ್ಕೆ ರಿಮ್ಮು ಒಳಮುಖವಾಗಿ ಒತ್ತಿಕೊಂಡೇ ಇರುತ್ತದೆ, ಕೊಯ್ಯುತ್ತ ಹೋದಂತೆ ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಕೊಯ್ದರೂ ಕಳ್ಳನಿಗೆ ಸಿಗುವುದು ಹಾಳಾದ ಚಕ್ರ.

ಬೀಗದೊಳಗೆ ಜಾಗ ಎಷ್ಟು ಕಡಿಮೆ ಉಳಿದರೆ ಅಷ್ಟು ಒಳ್ಳೆಯದು. ಖಾಲಿ ಜಾಗವಿದ್ದರೆ ಕಬ್ಬಿಣದ ಪೈಪು ತೂರಿಸಿ ಮೀಟುತ್ತಾರೆ, ಸಣ್ಣ ಜಾಕ್ ಇಟ್ಟು ಅಗಲಿಸುತ್ತಾರೆ. ಕೀಲಿಯ ತೂತು ನೆಲದ ಕಡೆ ತಿರುಗಿರಲಿ. ಮಳೆ ನೀರೂ ಒಳಗಿಳಿಯುವುದಿಲ್ಲ, ಸುತ್ತಿಗೆಯ ಏಟೂ ನೇರ ಬೀಳುವುದಿಲ್ಲ. ಸರಪಳಿಯಾದರೆ ನೆಲಕ್ಕೆ ತಾಗದಂತೆ ಎತ್ತರದಲ್ಲಿ ಸುತ್ತು, ಕೆಳಗೆ ಜೋತಾಡಿದರೆ ರಸ್ತೆಯನ್ನೇ ಅಡಿಗಲ್ಲು ಮಾಡಿಕೊಂಡು ಜಜ್ಜಲು ಬರುತ್ತದೆ.

ಇನ್ನು ಕಂಬ. ಇದನ್ನು ಯಾರೂ ನೋಡುವುದೇ ಇಲ್ಲ. ಬೀಗ ಹಾಕುವ ಮೊದಲು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸು. ನೋ ಪಾರ್ಕಿಂಗ್ ಫಲಕದ ಕಂಬಗಳು ಎಷ್ಟೋ ಕಡೆ ಬರೀ ಮಣ್ಣಿನಲ್ಲಿ ನಿಂತಿರುತ್ತವೆ, ಕಿತ್ತರೆ ಬರುತ್ತವೆ. ಕಂಬ ಗಿಡ್ಡವಾಗಿದ್ದು ಮೇಲೆ ಏನೂ ಇಲ್ಲದಿದ್ದರೆ ಬೀಗಸಮೇತ ಸೈಕಲನ್ನು ಮೇಲಿಂದ ಎತ್ತಿ ತೆಗೆಯಬಹುದು. ಸಣ್ಣ ಮರ ಬೇಡ. ಪ್ಲಾಸ್ಟಿಕ್ ನೀರಿನ ಪೈಪಿಗೆ ಕಟ್ಟಿದವರನ್ನೂ ನೋಡಿದ್ದೇನೆ, ಏನು ಹೇಳಲಿ. 2017ರಲ್ಲಿ ನಮ್ಮ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಮೊದಲು ಮಾಡಿದ್ದು ಊರಿನ ಅಲ್ಲಲ್ಲಿ ಸೈಕಲ್ ಸಿಕ್ಕಿಸುವ ತಾಣಗಳನ್ನು ನೆಲಕ್ಕೆ ಕೂರಿಸಿದ್ದು. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಜನ ಮೆಟ್ರೊ ಹತ್ತುತ್ತಾರೆ, ಪ್ರತಿ ನಿಲ್ದಾಣದ ಬಾಗಿಲಲ್ಲೂ ತಲೆಕೆಳಗಾದ ಯು ಆಕಾರದ ಹತ್ತಾರು ಕಬ್ಬಿಣದ ಕೊಳವೆಗಳನ್ನು ಕಾಂಕ್ರೀಟಿನಲ್ಲಿ ಊರಿದರೆ ನನ್ನಂಥವನು ಇಷ್ಟೆಲ್ಲ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನಂಬರ್ ಲಾಕ್ ಒಳ್ಳೆಯದಾ ಅಂಕಲ್? ಕೀ ಕಳೆಯುವ ಭಯ ಇರುವುದಿಲ್ಲ. — ಒಂಬತ್ತನೇ ತರಗತಿ, ಶಿರಸಿ

ಲೆಕ್ಕ ಮಾಡೋಣ ಪುಟ್ಟಾ. ಮೂರು ಅಂಕಿಯ ಬೀಗದಲ್ಲಿ 000ಯಿಂದ 999ರವರೆಗೆ 1,000 ಸಂಖ್ಯೆ. ಒಂದಕ್ಕೆ ಒಂದು ಸೆಕೆಂಡ್ ಎಂದರೂ 17 ನಿಮಿಷದೊಳಗೆ ಎಲ್ಲವನ್ನೂ ತಿರುಗಿಸಿ ಮುಗಿಸಬಹುದು. ನಾಲ್ಕು ಅಂಕಿಯಾದರೆ 10,000, ಹತ್ತು ಪಟ್ಟು ಹೊತ್ತು ಬೇಕು. ಆದರೆ ಅಷ್ಟೆಲ್ಲ ಯಾರೂ ತಿರುಗಿಸುವುದಿಲ್ಲ. ಅಗ್ಗದ ಬೀಗವಾದರೆ ತುದಿಯನ್ನು ಎಳೆದು ಹಿಡಿದುಕೊಂಡು ಉರುಳೆಗಳನ್ನು ನಿಧಾನವಾಗಿ ತಿರುಗಿಸಿದರೆ ಸರಿಯಾದ ಅಂಕಿ ಬಂದಾಗ ಬೆರಳಿಗೇ ಗೊತ್ತಾಗುತ್ತದೆ. ಇನ್ನೊಂದು ವಿಷಯ: ಅವಸರದಲ್ಲಿ ಹೆಚ್ಚಿನವರು ಬೀಗ ಹಾಕಿ ಒಂದು ಉರುಳೆಯನ್ನು ಒಂದು ಮನೆ ಸರಿಸಿ ಹೋಗಿಬಿಡುತ್ತಾರೆ. ನೀನು ಹಾಕುವುದೇ ಆದರೆ ನಾಲ್ಕನ್ನೂ ಕಲಸಿಬಿಡು, ಹುಟ್ಟಿದ ವರ್ಷ ಇಡಬೇಡ. ಟ್ಯೂಶನ್ ಮನೆಯ ಅಂಗಳಕ್ಕೆ ಸಾಕು, ಬಸ್ ಸ್ಟ್ಯಾಂಡಿಗೆ ಬೇಡ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಈಗಲೂ ಹಲವು ಮಕ್ಕಳು ಅಕ್ಕ-ಅಣ್ಣಂದಿರಿಗೆ ಸರ್ಕಾರ ಕೊಟ್ಟಿದ್ದ ಸೈಕಲ್‌ನಲ್ಲೇ ಬರುತ್ತಾರೆ. ಎಲ್ಲವೂ ಒಂದೇ ಥರ. ಒಬ್ಬರ ಕೀ ಇನ್ನೊಬ್ಬರ ಬೀಗಕ್ಕೂ ಆಗುತ್ತದೆ. ದಿನಾ ಪಂಚಾಯ್ತಿ. — ಶಿಕ್ಷಕಿ, ತುಮಕೂರು ಜಿಲ್ಲೆ

ಟೀಚರ್, 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವುದು ಶುರುವಾದಾಗಿನಿಂದ ಈ ದೂರು ಕೇಳುತ್ತಲೇ ಇದ್ದೇನೆ. ಅಗ್ಗದ ಚಕ್ರದ ಬೀಗಗಳಲ್ಲಿ ಕೀಲಿಯ ಹಲ್ಲಿನ ಮಾದರಿಗಳು ಕೆಲವೇ ಇರುತ್ತವೆ. ಒಂದೇ ಶೆಡ್ಡಿನಲ್ಲಿ ನೂರು ನಿಂತರೆ ಜೋಡಿ ಸಿಗುವುದು ಸಹಜ. ಸವೆದ ಕೀ ಇನ್ನೂ ಹೆಚ್ಚು ಬೀಗಗಳನ್ನು ತೆರೆಯುತ್ತದೆ.

ಇಲ್ಲಿ ಕಳ್ಳತನಕ್ಕಿಂತ ಅದಲುಬದಲು ಜಾಸ್ತಿ. ನಮ್ಮ ತಂದೆ ಬಾಡಿಗೆ ಸೈಕಲ್‌ಗೆ ಮಾಡುತ್ತಿದ್ದುದನ್ನೇ ಮಾಡಿ. ಹಿಂದಿನ ಮಡ್‌ಗಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಎಣ್ಣೆ ಬಣ್ಣದಿಂದ ನಂಬರು ಬರೆಸುತ್ತಿದ್ದರು. ಅದು ಎಲ್ಲರಿಗೂ ಕಾಣಲಿ ಎಂದು. ಕಾಣದಿರಲಿ ಎಂದು ಇನ್ನೊಂದು ಗುರುತು: ಹೆಸರು, ಊರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹ್ಯಾಂಡಲ್ ಕೊಳವೆಯೊಳಗೆ ತೂರಿಸಿ ಮೇಲೆ ಹಿಡಿಕೆ ಹಾಕುತ್ತಿದ್ದರು. ಬಣ್ಣ ಕೆರೆದು ತನ್ನದೇ ಎಂದು ವಾದಿಸಿದವನ ಎದುರಿಗೆ ಹಿಡಿಕೆ ಎಳೆದು ಚೀಟಿ ತೆಗೆದರೆ ಅಲ್ಲಿಗೆ ಪಂಚಾಯ್ತಿ ಮುಗಿಯುತ್ತಿತ್ತು. ಶಾಲೆಯ ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಎದುರು ಫ್ರೇಮ್ ನಂಬರ್ ಬರೆಸಿಡಿ. ಸೈಕಲ್ ತಲೆಕೆಳಗು ಮಾಡಿದರೆ ಪೆಡಲ್ ಅಚ್ಚಿನ ಗೂಡಿನ ಕೆಳಗೆ ಕೊರೆದಿರುತ್ತದೆ, ಕೆಲವದರಲ್ಲಿ ಸೀಟಿನ ಕೊಳವೆಯ ಹತ್ತಿರ. ಒಂದು ಪಿ.ಟಿ. ಪೀರಿಯಡ್ಡಿನ ಕೆಲಸ. ಮಕ್ಕಳಿಗೂ ಖುಷಿ.

ಪ್ರಶ್ನೆ: ಮಳೆಗಾಲದಲ್ಲಿ ಬೀಗ ತುಕ್ಕು ಹಿಡಿದು ಕೀ ತಿರುಗುವುದೇ ಇಲ್ಲ. ಕೊಬ್ಬರಿ ಎಣ್ಣೆ ಬಿಡಬಹುದೇ? — ತೀರ್ಥಹಳ್ಳಿ

ಬೇಡ ಸ್ವಾಮಿ. ಆ ಎಣ್ಣೆ ದಿನ ಕಳೆದಂತೆ ಅಂಟಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ನಿಮ್ಮ ಕಡೆಯ ಚಳಿಗೆ ಹೆಪ್ಪೂ ಗಟ್ಟುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಎರಡು ಹನಿ ಬಿಟ್ಟು, ಕೀ ಹಾಕಿ ತೆಗೆದು ಮಾಡಿ, ಹೊರಗೆ ಬಂದ ಕೊಳೆ ಒರೆಸಿ. ಗ್ರಾಫೈಟ್ ಪುಡಿ ಸಿಕ್ಕರೆ ಒಣಗಿದ ಬೀಗಕ್ಕೆ ಅದೂ ಒಳ್ಳೆಯದು, ಆದರೆ ಎಣ್ಣೆಯ ಜೊತೆ ಬೆರೆಸಬೇಡಿ, ಕೆಸರಾಗುತ್ತದೆ. ಬಿಗಿಯಾದ ಕೀಯನ್ನು ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದರೆ ಅರ್ಧ ಕೀ ಒಳಗೇ ಉಳಿಯುತ್ತದೆ.

ಪ್ರಶ್ನೆ: ಯಾರೂ ಮುರಿಯಲಾಗದ ಬೀಗ ಇದೆಯೇ? — ಬಳ್ಳಾರಿ

ಇಲ್ಲ. ತಿರುಗುವ ಬಿಲ್ಲೆಯಿಂದ ಕಬ್ಬಿಣ ಕೊಯ್ಯುವ, ಬ್ಯಾಟರಿಯ ಆಂಗಲ್ ಗ್ರೈಂಡರ್ ಕೈಗೆ ಸಿಕ್ಕ ಮೇಲೆ ಬಹುತೇಕ ಎಲ್ಲವೂ ನಿಮಿಷಗಳ ಮಾತು. ಗ್ರೈಂಡರನ್ನು ತಡೆಯುವ ಹೊಸ ಬೀಗಗಳೂ ಬಂದಿವೆ, ಅವು ಹೊತ್ತು ಹಿಡಿಯುತ್ತವೆ ಅಷ್ಟೇ. ನಮ್ಮ ಊರುಗಳ ಸೈಕಲ್‌ಗಳಿಗೆ ಬೀಗದ ಬೆಲೆಯೇ ಹೆಚ್ಚಾದೀತು. ಹೆಸರು ನೋಡಿ ಮರುಳಾಗಬೇಡಿ ಎನ್ನಲು ಒಂದು ಪ್ರಸಂಗ ಹೇಳುತ್ತೇನೆ. 2004ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಬ್ಬ, ಹೆಸರಾಂತ ಕ್ರಿಪ್ಟೊನೈಟ್ ಯು-ಲಾಕನ್ನು ಬಿಕ್ ಬಾಲ್‌ಪೆನ್ನಿನ ಕೊಳವೆ ತೂರಿಸಿ ತೆರೆದು ತೋರಿಸಿದ. ಗುಂಡನೆಯ ಕೀಲಿ ತೂತಿನ ಬೀಗಗಳೆಲ್ಲ ಹಾಗೆ ತೆರೆಯತೊಡಗಿದಾಗ ಕಂಪನಿ ಪುಕ್ಕಟೆಯಾಗಿ ಬೇರೆ ಬೀಗ ಬದಲಿಸಿಕೊಡಬೇಕಾಯಿತು. ಸರಳು ಗಟ್ಟಿಯೇ ಇತ್ತು, ಸೋತದ್ದು ಕೀಲಿಯ ಗೂಡು. ನಮ್ಮ ಪೇಟೆಯಲ್ಲಿ ಗುಂಡು ಕೀಯ ಅಗ್ಗದ ಬೀಗಗಳು ಇನ್ನೂ ತೂಗಾಡುತ್ತಿವೆ. ಚಪ್ಪಟೆ ಕೀಯದನ್ನೇ ಕೇಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕ್ಯಾಮೆರಾ, ಸೆಕ್ಯುರಿಟಿ ಎರಡೂ ಇವೆ. ಆದರೂ ಸೈಕಲ್ ಹೋಗುತ್ತಿವೆ. ಏರ್‌ಟ್ಯಾಗ್ ಹಾಕಿದರೆ? — ವೈಟ್‌ಫೀಲ್ಡ್

ನೆಲಮಾಳಿಗೆಯಲ್ಲಿ ಕಳ್ಳನಿಗೆ ಸಿಗುವುದು ಪುರುಸೊತ್ತು. ಬೀದಿಯಲ್ಲಿ ಎರಡು ನಿಮಿಷ ಸಿಗದವನಿಗೆ ಅಲ್ಲಿ ಅರ್ಧ ಗಂಟೆ ಸಿಗುತ್ತದೆ. ಧೂಳು ಹಿಡಿದು, ಟೈರ್ ಗಾಳಿ ಇಳಿದು ನಿಂತ ಸೈಕಲ್ ಮೊದಲು ಹೋಗುತ್ತದೆ. ಹೋದದ್ದು ಮಾಲೀಕನಿಗೆ ತಿಳಿಯುವುದೇ ಎಷ್ಟೋ ದಿನದ ಮೇಲೆ, ಅಷ್ಟರಲ್ಲಿ ಕ್ಯಾಮೆರಾದ ಹಳೆಯ ಚಿತ್ರ ಅಳಿಸಿಹೋಗಿರುತ್ತದೆ. ಸಂಘದವರನ್ನು ಕೇಳಿ ಗೋಡೆಗೆ ಕಬ್ಬಿಣದ ಕೊಂಡಿಗಳನ್ನು ಆಂಕರ್ ಬೋಲ್ಟ್ ಹಾಕಿ ಕೂರಿಸಿ. ಅಲ್ಲೇ ಬಿಟ್ಟುಬಿಡಲು ಒಂದು ಭಾರಿ ಸರಪಳಿ ಇಡಿ. ಹೊತ್ತು ತಿರುಗಬೇಕಿಲ್ಲವಾದ್ದರಿಂದ ಎಷ್ಟು ತೂಕವಿದ್ದರೂ ಆಯಿತು.

ಏರ್‌ಟ್ಯಾಗ್ ಬೀಗವಲ್ಲ, ಆಪಲ್ ಕಂಪನಿಯ ಪುಟ್ಟ ಪತ್ತೆ ಬಿಲ್ಲೆ. ಸುತ್ತಮುತ್ತ ಐಫೋನ್‌ಗಳು ಓಡಾಡುತ್ತಿದ್ದರೆ ಎಲ್ಲಿದೆ ಎಂದು ಹೇಳುತ್ತದೆ, ಅಷ್ಟೇ. ಅಪರಿಚಿತ ಟ್ಯಾಗ್ ಜೊತೆಗಿದೆ ಎಂದು ಕಳ್ಳನ ಫೋನಿಗೂ ಸೂಚನೆ ಹೋಗುತ್ತದೆ. ಹಾಕುವುದಾದರೆ ಸೀಟಿನ ಕೆಳಗೆ ಕಾಣದಂತೆ ಹಾಕಿ. ಜಾಗ ತೋರಿಸಿದರೆ ನೀವೊಬ್ಬರೇ ಹೋಗಿ ಬಾಗಿಲು ತಟ್ಟಬೇಡಿ, ಪೊಲೀಸರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಓದಲು ಬಂದಿದ್ದೇನೆ. ಊರು ಧಾರವಾಡ. ಇಲ್ಲಿ ಒಬ್ಬ ಹಳೇ ಸೈಕಲ್ ತೀರಾ ಅಗ್ಗಕ್ಕೆ ಕೊಡುತ್ತೇನೆ ಅಂತಾನೆ. ತಗೊಳ್ಳಲಾ?

ಬ್ಯಾಡ. ಜನರಿಗಿಂತ ಸೈಕಲ್ ಹೆಚ್ಚಿರುವ ದೇಶ ಅದು, ಕದ್ದ ಮಾಲೂ ಅಷ್ಟೇ ಓಡಾಡುತ್ತದೆ. ಕದ್ದದ್ದೆಂದು ಊಹಿಸಬಹುದಾಗಿದ್ದೂ ಕೊಂಡರೆ ಅಲ್ಲಿ ಕೊಂಡವನೂ ಅಪರಾಧಿ. ಫ್ರೇಮ್ ನಂಬರನ್ನು ಪೊಲೀಸರ ಸ್ಟಾಪ್‌ಹೇಲಿಂಗ್ ಜಾಲತಾಣದಲ್ಲಿ ಹಾಕಿ ನೋಡು, ಕಳವಿನ ದೂರಿದ್ದರೆ ತೋರಿಸುತ್ತದೆ. ನಂಬರ್ ಉಜ್ಜಿ ಅಳಿಸಿದ್ದರೆ ನೋಡುವುದೇ ಬೇಡ, ಅಂಗಡಿಯಲ್ಲಿ ರಸೀದಿ ಕೊಡುವ ಹಳೇ ಸೈಕಲ್ ತಗೋ. ಅಲ್ಲಿಯವರು ಹಿಂಚಕ್ರಕ್ಕೆ ನಮ್ಮ ಹಳೇ ಬೀಗದಂಥದೇ ಒಂದನ್ನು ಹಾಕಿ, ಅದರ ಮೇಲೆ ಸರಪಳಿಯಿಂದ ಕಟ್ಟೆಗೋ ಕಂಬಕ್ಕೋ ಕಟ್ಟುತ್ತಾರೆ. ಆ ಎರಡು ಬೀಗದ ಪದ್ಧತಿ ನಮ್ಮಲ್ಲೂ ಬರಬೇಕು: ಒಂದೊಂದಕ್ಕೆ ಒಂದೊಂದು ಹತಾರ ಬೇಕಾಗುತ್ತದೆ.

ಪ್ರಶ್ನೆ: ಸೈಕಲ್ ಕಳವಾಗಿದೆ. ಠಾಣೆಗೆ ಹೋದರೆ ‘ಸೈಕಲ್ ತಾನೇ’ ಎಂದು ನಕ್ಕರು. ದೂರು ಕೊಟ್ಟು ಪ್ರಯೋಜನವಿದೆಯೇ? — ಹಾಸನ

ಕೊಡಿ ಸಾರ್, ಬಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ ಇದೆ, ಸೈಕಲ್‌ಗೆ ವಿನಾಯಿತಿಯೇನಿಲ್ಲ. ಕಳವಾದ ಮಾಲಿನ ಬೆಲೆ 5,000ಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಯಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆ ಎಂಬ ಹೊಸ ನಿಯಮವೂ ಅದರಲ್ಲೇ ಇದೆ. ಕದ್ದದ್ದೆಂದು ಗೊತ್ತಿದ್ದೂ ಕೊಂಡವನಿಗೆ 317ನೇ ಕಲಮು.

ದೂರು ಬರವಣಿಗೆಯಲ್ಲಿ ಕೊಡಿ. ‘ಕಳೆದುಹೋಗಿದೆ’ ಎಂದು ಬರೆಯಬೇಡಿ, ‘ಕಳವಾಗಿದೆ’ ಎಂದೇ ಬರೆಯಿರಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಲು ಕಾನೂನಿನಲ್ಲಿ ದಾರಿ ಇದೆ. ಬಿಲ್ಲು, ಫ್ರೇಮ್ ನಂಬರ್, ಒಂದು ಫೋಟೊ ಜೊತೆಗಿಡಿ. ಕಳ್ಳರ ತಂಡ ಸಿಕ್ಕಿಬಿದ್ದಾಗ ಠಾಣೆಯ ಅಂಗಳದಲ್ಲಿ ಸಾಲಾಗಿ ಸೈಕಲ್ ನಿಲ್ಲಿಸುತ್ತಾರೆ. ನಂಬರ್ ತೋರಿಸಲಾಗದವರು ತಮ್ಮದನ್ನು ಕಣ್ಣಾರೆ ಕಂಡೂ ಕೋರ್ಟಿನಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಾರೆ. ಬಿಲ್ಲು ಹುಡುಕಿ ಸಿಗದಿದ್ದರೆ ಕೊಂಡ ಅಂಗಡಿಯಲ್ಲಿ ಕೇಳಿ. ನಾನಂತೂ ಹಳೇ ಬಿಲ್ ಪುಸ್ತಕಗಳನ್ನು ಎಸೆಯುವುದಿಲ್ಲ.

ಪ್ರಶ್ನೆ: ಸೈಕಲ್ ಬಿಟ್ಟು ಸೀಟು ಮಾತ್ರ ಕದ್ದಿದ್ದಾರೆ! — ಮಂಗಳೂರು

ಸೀಟಿನ ಬುಡದಲ್ಲೂ ಕೈಯಲ್ಲೇ ತಿರುಗಿಸುವ ಸನ್ನೆ ಇದ್ದರೆ ಇದೇ ಕಥೆ. ಅದನ್ನು ತೆಗೆಸಿ ಅಲನ್ ಬೋಲ್ಟ್ ಹಾಕಿಸಿ. ಅಲನ್ ಕೀಯೂ ಎಲ್ಲರ ಜೇಬಿನಲ್ಲಿದೆ ಎಂಬ ಅನುಮಾನವಿದ್ದರೆ, ಬೋಲ್ಟಿನ ತಲೆಯ ಗುಂಡಿಗೆ ಸರಿಹೊಂದುವ ಬೇರಿಂಗ್ ಗುಂಡೊಂದನ್ನು ಕೂರಿಸಿ ಮೇಲೆ ಮೇಣದಬತ್ತಿಯ ಮೇಣ ತೊಟ್ಟಿಕ್ಕಿಸಿ. ಕೀ ಒಳಗೆ ಹೋಗುವುದಿಲ್ಲ. ನಿಮಗೆ ಬೇಕಾದಾಗ ಸೂಜಿಯಿಂದ ಮೇಣ ಕೆರೆದು ಗುಂಡು ತೆಗೆಯಬಹುದು. ಮೇಣದ ಬದಲು ಎಂ-ಸೀಲ್ ಹಾಕಿದರೆ ಇನ್ನೂ ಭದ್ರ, ಆದರೆ ಹಾಕುವ ಮೊದಲು ಸೀಟಿನ ಎತ್ತರ ಸರಿಯಾಗಿದೆಯೇ ನೋಡಿಕೊಳ್ಳಿ. ಬೆಳೆಯುವ ಮಕ್ಕಳ ಸೈಕಲ್‌ಗೆ ಮೇಣವೇ ಇರಲಿ.